ಗಲ್ಫ್‌ನಿಂದ ಊರಿಗೆ ಬೆಕ್ಕನ್ನು ತರುವಿರಾ?

ಗಲ್ಫ್‌ನಲ್ಲಿ ಹತ್ತು ಹದಿನೈದು ವರ್ಷ ದುಡಿದು ಕುಟುಂಬ ಸಮೇತ ಊರಿಗೆ ಮರಳುವವರು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. ವೀಸಾ ರದ್ದತಿ, ಮಕ್ಕಳ ಶಾಲೆಯ ಟಿ.ಸಿ., ಮನೆ ಸಾಮಾನಿನ ಕಾರ್ಗೋ, ಬ್ಯಾಂಕ್ ಲೆಕ್ಕ ಹೀಗೆ ಎಲ್ಲಕ್ಕೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮನೆಯ ಬೆಕ್ಕು. ಟಿಕೆಟ್ ಕೈಗೆ ಬಂದ ಮೇಲೆ ಮಕ್ಕಳು ಕೇಳುತ್ತಾರೆ, "ಅಬ್ಬಾ, ಬೆಕ್ಕನ್ನು ಏನು ಮಾಡುವುದು?"

ಹೊರಡಲು ಹತ್ತು ದಿನ ಇರುವಾಗ ಈ ಪ್ರಶ್ನೆ ಎದ್ದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಆಗ ಎರಡು ಕೆಟ್ಟ ದಾರಿಗಳು ಕಣ್ಣಿಗೆ ಬೀಳುತ್ತವೆ. ಹಿಂದಿನ ದಿನಾಂಕ ಹಾಕಿದ ಲಸಿಕೆ ಚೀಟಿಯನ್ನು ಯಾರಿಂದಲೋ ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದು ಒಂದು. ರಾತ್ರಿ ಹೊತ್ತು ಕಟ್ಟಡದ ಹಿಂದಿನ ಕಸದ ತೊಟ್ಟಿಯ ಬಳಿ ಬೆಕ್ಕನ್ನು ಬಿಟ್ಟು ವಿಮಾನ ಹತ್ತುವುದು ಇನ್ನೊಂದು. ಇವೆರಡರಿಂದಲೂ ದೂರ ಇರಬೇಕಾದರೆ ಊರಿಗೆ ಮರಳುವ ತೀರ್ಮಾನ ಮಾಡಿದ ದಿನವೇ ಬೆಕ್ಕಿನ ಕಾಗದಪತ್ರದ ಕೆಲಸವೂ ಶುರುವಾಗಬೇಕು.

ದೀನ್ ಕಲಿಸಿದ ಕ್ವಾರಂಟೈನ್

ಕ್ವಾರಂಟೈನ್ ಎಂಬ ಪದ ಇಟಲಿಯ ಭಾಷೆಯ 'ನಲವತ್ತು' ಎಂಬ ಸಂಖ್ಯೆಯಿಂದ ಬಂದದ್ದು. 1377ರಲ್ಲಿ ಇಂದಿನ ಡುಬ್ರೋವ್ನಿಕ್ ಬಂದರು ನಗರವು ಪ್ಲೇಗ್ ಇರುವ ಕಡೆಯಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸುವ ಕಾನೂನು ತಂದಿತು. ಆ ಅವಧಿ ಮುಂದೆ 40 ದಿನಕ್ಕೆ ಏರಿತು.

ಆದರೆ ಇದರ ತಿರುಳು ನಮಗೆ ಹೊಸದಲ್ಲ. ಸಾಂಕ್ರಾಮಿಕ ರೋಗ ಇರುವ ನಾಡಿಗೆ ಹೋಗಬೇಡಿ, ನೀವಿರುವ ನಾಡಿನಲ್ಲಿ ಅದು ಕಾಣಿಸಿಕೊಂಡರೆ ಅಲ್ಲಿಂದ ಓಡಬೇಡಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಶಾಮ್ ನಾಡಿನಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದಾಗ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿಂದಲೇ ತಮ್ಮ ತಂಡವನ್ನು ಹಿಂದಕ್ಕೆ ತಿರುಗಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಪ್ರಾಣಿಗಳ ವಿಷಯದಲ್ಲೂ ಮಾರ್ಗದರ್ಶನ ಇದೆ. ರೋಗವಿರುವ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ನಡುವೆ ತರಬಾರದು ಎಂಬ ಹದೀಸ್ ಬುಖಾರಿಯಲ್ಲಿದೆ. ವಿಮಾನ ನಿಲ್ದಾಣದಲ್ಲಿ ಪ್ರಾಣಿಗಳನ್ನು ತಪಾಸಣೆ ಮಾಡುವ ಅಧಿಕಾರಿ ಮಾಡುವುದೂ ಇದೇ ಕೆಲಸವನ್ನು. ಅವರನ್ನು ಕಿರುಕುಳ ಕೊಡುವವರು ಎಂದು ತಿಳಿಯಬೇಡಿ.

ಮುಖ್ಯ ಭಯ ರೇಬೀಸ್

ಬೆಕ್ಕು, ನಾಯಿಗಳ ಕಾಗದಪತ್ರದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಇದು ನಾಯಿಗೆ ಮಾತ್ರ ಬರುವ ರೋಗವಲ್ಲ. ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿ.

ನಮ್ಮ ಹಕೀಮರಿಗೆ ಈ ರೋಗ ಚೆನ್ನಾಗಿ ಗೊತ್ತಿತ್ತು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಹುಚ್ಚುನಾಯಿ ಕಚ್ಚಿದವರಿಗೆ ನೀರು ಕಂಡರೆ ಉಂಟಾಗುವ ಭಯವನ್ನು ವಿವರಿಸಿದ್ದಾರೆ. ಆದರೂ ಒಬ್ಬ ಯೂನಾನಿ ವೈದ್ಯನಾಗಿ ನಾನು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸನ್ನು ಗುಣಪಡಿಸುವ ಔಷಧಿ ಯೂನಾನಿಯಲ್ಲೂ ಇಲ್ಲ, ಬೇರೆ ಯಾವ ಪದ್ಧತಿಯಲ್ಲೂ ಇಲ್ಲ. ಲಸಿಕೆಯೊಂದೇ ಕಾವಲು.

ರೋಗಾಣು ದೇಹ ಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಮನುಷ್ಯರಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದು ವಾರ ಸಾಕು, ಕೆಲವೊಮ್ಮೆ ಒಂದು ವರ್ಷವೂ ಆಗಬಹುದು. ಪ್ರಾಣಿಗಳಲ್ಲೂ ಇಂಥ ಕಾಯುವ ಕಾಲ ಇದೆ. ಆ ಅವಧಿಯಲ್ಲಿ ಬೆಕ್ಕು ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ. "ನಮ್ಮ ಬೆಕ್ಕಿಗೆ ಏನೂ ಆಗಿಲ್ಲ, ನೋಡಿದರೆ ಗೊತ್ತಾಗುವುದಿಲ್ಲವೇ?" ಎಂಬ ಮಾತು ಅದಕ್ಕಾಗಿಯೇ ನಡೆಯುವುದಿಲ್ಲ. ಲಸಿಕೆ ಹಾಕಿದ ಮೇಲೂ ದೇಹದಲ್ಲಿ ರೋಗ ತಡೆಯುವ ಶಕ್ತಿ ಹುಟ್ಟಲು ವಾರಗಳು ಬೇಕು. ಕಾಯಬೇಕೆಂಬ ನಿಯಮ ಬಂದದ್ದು ಈ ಕಾರಣದಿಂದ.

"ಭಾರತದಲ್ಲಿ ಹೇಗೂ ರೇಬೀಸ್ ಇದೆಯಲ್ಲ, ಮತ್ತೆ ಹೊರಗಿನ ಬೆಕ್ಕಿಗೇಕೆ ಇಷ್ಟು ತಪಾಸಣೆ?" ಎಂದು ಕೆಲವರು ಕೇಳುತ್ತಾರೆ. ಫ್ಲಾಟ್‌ನೊಳಗೇ ಬೆಳೆದ ಬೆಕ್ಕು ಊರಿಗೆ ಬಂದು ಅಂಗಳಕ್ಕೆ ಇಳಿಯುತ್ತದೆ. ಅಲ್ಲಿ ಬೀದಿನಾಯಿಗಳಿವೆ, ಬೇರೆ ಬೆಕ್ಕುಗಳಿವೆ. ಲಸಿಕೆ ಇಲ್ಲದ ಬೆಕ್ಕು ಅವುಗಳಿಂದ ಕಚ್ಚಿಸಿಕೊಂಡು ರಾತ್ರಿ ನಿಮ್ಮ ಮಕ್ಕಳ ಹಾಸಿಗೆಗೇ ಬಂದು ಮಲಗುತ್ತದೆ. ಈ ನಿಯಮ ದೇಶದ ಗಡಿಯ ಜೊತೆ ನಿಮ್ಮ ಮನೆಯನ್ನೂ ಕಾಯುತ್ತದೆ.

ಭಾರತಕ್ಕೆ ತರುವ ಕ್ರಮ

ಕೆಲಸಗಳು ಈ ಅನುಕ್ರಮದಲ್ಲಿ ನಡೆಯಲಿ.

1. ಮೈಕ್ರೋಚಿಪ್: ಅಕ್ಕಿಕಾಳಿನಷ್ಟಿರುವ ಚಿಪ್ಪನ್ನು ಪಶುವೈದ್ಯರು ಚರ್ಮದ ಕೆಳಗೆ ಹಾಕುತ್ತಾರೆ. ಅದರ 15 ಅಂಕಿಯ ಸಂಖ್ಯೆಯೇ ಬೆಕ್ಕಿನ ಗುರುತು. ಇದನ್ನು ಲಸಿಕೆಗಿಂತ ಮೊದಲು ಹಾಕಿಸಿ. ಆಗ ಲಸಿಕೆ ಪಡೆದದ್ದು ಇದೇ ಬೆಕ್ಕು ಎಂಬುದಕ್ಕೆ ಪುರಾವೆ ಇರುತ್ತದೆ.

2. ರೇಬೀಸ್ ಲಸಿಕೆ: ಪ್ರಯಾಣದ ದಿನಕ್ಕೆ ಲಸಿಕೆ ಹಾಕಿಸಿ ಒಂದು ತಿಂಗಳು ದಾಟಿರಬೇಕು, 12 ತಿಂಗಳು ಮೀರಿರಬಾರದು. ಸಾಮಾನ್ಯವಾಗಿ ಮರಿಗಳಿಗೆ ಈ ಲಸಿಕೆ ಹಾಕುವುದು ಮೂರು ತಿಂಗಳು ತುಂಬಿದ ಮೇಲೆ. ಅಂದರೆ ನಾಲ್ಕು ತಿಂಗಳಿಗಿಂತ ಚಿಕ್ಕ ಮರಿಯನ್ನು ತರುವ ಯೋಚನೆ ಬೇಡ. ಬೆಕ್ಕುಗಳಿಗೆ ಹಾಕುವ ಇತರ ವಾರ್ಷಿಕ ಲಸಿಕೆಗಳನ್ನೂ ಇದೇ ಹೊತ್ತಿಗೆ ಮುಗಿಸಿ.

3. ನಿಮ್ಮ ಅರ್ಹತೆ: ಸಾಕುಪ್ರಾಣಿಯನ್ನು ಬ್ಯಾಗೇಜ್ ರೂಪದಲ್ಲಿ ತರುವ ಅವಕಾಶವನ್ನು ಕೇಂದ್ರ ಸರ್ಕಾರದ 2013ರ ಸುತ್ತೋಲೆಯು ಎರಡು ವರ್ಷ ವಿದೇಶದಲ್ಲಿದ್ದು ವಾಸ ಬದಲಿಸಿ ಬರುವವರಿಗೆ ಕೊಟ್ಟಿತು. ಒಬ್ಬರಿಗೆ ಎರಡು ಪ್ರಾಣಿ ಮಾತ್ರ. ಉಳಿದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪರವಾನಗಿ ಪಡೆಯಬೇಕು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಮಾಡುವ ಮೊದಲು ಕ್ವಾರಂಟೈನ್ ಕಚೇರಿಯಿಂದಲೇ ಕೇಳಿ ಖಚಿತ ಮಾಡಿಕೊಳ್ಳಿ.

4. ಇಳಿಯುವ ನಿಲ್ದಾಣ: ಹಲವರು ಎಡವುವುದು ಇಲ್ಲಿ. ಪ್ರಾಣಿಯನ್ನು ಎಲ್ಲ ನಿಲ್ದಾಣಗಳಲ್ಲಿ ಇಳಿಸುವಂತಿಲ್ಲ. ಕೇಂದ್ರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕೇಂದ್ರಗಳಿರುವುದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಬೆಂಗಳೂರು ಮತ್ತು ಹೈದರಾಬಾದ್‌ಗಳಲ್ಲಿ. 2024ರಲ್ಲಿ ಕೊಚ್ಚಿಗೂ ಅನುಮತಿ ದೊರೆಯಿತು. ಮಂಗಳೂರು ಈ ಸಾಲಿನಲ್ಲಿಲ್ಲ. ಹಾಗಾಗಿ ದುಬೈಯಿಂದ ನೇರ ಮಂಗಳೂರಿಗೆ ಟಿಕೆಟ್ ಮಾಡಿಬಿಟ್ಟರೆ ಬೆಕ್ಕು ಅಲ್ಲೇ ಉಳಿಯುತ್ತದೆ. ಬೆಂಗಳೂರಿಗೆ ಬಂದು ರಸ್ತೆ ಮೂಲಕ ಊರು ಸೇರುವ ಲೆಕ್ಕ ಹಾಕಿ.

5. ಎನ್‌ಒಸಿ: ಇಳಿಯುವ ನಿಲ್ದಾಣದ ಕ್ವಾರಂಟೈನ್ ಕೇಂದ್ರದಿಂದ ಮುಂಚಿತವಾಗಿಯೇ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಪಾಸ್‌ಪೋರ್ಟ್ ಪ್ರತಿ, ಟಿಕೆಟ್, ಲಸಿಕೆ ದಾಖಲೆ, ಚಿಪ್ ಸಂಖ್ಯೆ, ಬೆಕ್ಕಿನ ಫೋಟೋ ಸಿದ್ಧವಿರಲಿ.

6. ಆರೋಗ್ಯ ಪ್ರಮಾಣಪತ್ರ: ಹೊರಡುವ ದೇಶದ ಸರ್ಕಾರಿ ಪಶುವೈದ್ಯಾಧಿಕಾರಿ ಕೊಡಬೇಕಾದದ್ದು ಇದು. ಯುಎಇಯಲ್ಲಿ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯ, ಸೌದಿಯಲ್ಲಿ ಪರಿಸರ, ನೀರು ಮತ್ತು ಕೃಷಿ ಸಚಿವಾಲಯ ಇದನ್ನು ನೋಡಿಕೊಳ್ಳುತ್ತವೆ. ಖಾಸಗಿ ಕ್ಲಿನಿಕ್ಕಿನ ಚೀಟಿಯೊಂದೇ ಸಾಲದು. ಇದನ್ನು ಪ್ರಯಾಣದ ಹತ್ತಿರದ ದಿನಗಳಲ್ಲಿ ಮಾಡಿಸಬೇಕು.

ಇಳಿದ ಮೇಲೆ ಅಧಿಕಾರಿ ಚಿಪ್ ಓದಿ, ಕಾಗದ ನೋಡಿ, ಬೆಕ್ಕನ್ನು ಪರೀಕ್ಷಿಸುತ್ತಾರೆ. ಎಲ್ಲ ಸರಿಯಿದ್ದರೆ ಮನೆಗೆ ಒಯ್ಯಲು ಬಿಡುತ್ತಾರೆ. ಕೊರತೆ ಇದ್ದರೆ ಬೆಕ್ಕು ಕ್ವಾರಂಟೈನ್ ಕೇಂದ್ರದಲ್ಲಿ ಉಳಿಯಬೇಕಾಗಬಹುದು, ಬಂದ ದೇಶಕ್ಕೇ ವಾಪಸ್ ಹೋಗಬೇಕಾಗಬಹುದು.

ಪ್ರಯಾಣದಲ್ಲಿ ಬೆಕ್ಕಿನ ಆರೋಗ್ಯ

ಬೆಕ್ಕು ಎದ್ದು ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ಬೋನು ದೊಡ್ಡದಿರಬೇಕು. ಒಂದು ತಿಂಗಳು ಮೊದಲೇ ಬೋನನ್ನು ತಂದು ಮನೆಯಲ್ಲಿ ಬಾಗಿಲು ತೆರೆದಿಡಿ, ಒಳಗೆ ಊಟ ಕೊಡಿ. ಅಭ್ಯಾಸವಾದ ಬೆಕ್ಕಿಗೆ ಭಯ ಕಡಿಮೆ.

ನಿದ್ದೆ ಬರಿಸುವ ಔಷಧಿ ಕೊಡಲೇಬೇಡಿ. ವಿಮಾನದಲ್ಲಿ ಅದರಿಂದ ಉಸಿರಾಟ, ರಕ್ತದೊತ್ತಡ ಕುಸಿಯುವ ಅಪಾಯವಿದೆ. ಕೆಲವರು ಬೆಕ್ಕಿಗಾಗಿ ನನ್ನ ದವಾಖಾನೆಗೆ ಬಂದು ಶರಬತ್ತು, ಖಮೀರಾ ಕೇಳುವುದುಂಟು. ಅವು ಮನುಷ್ಯರ ಮಿಜಾಜ್ ನೋಡಿ ತಯಾರಾದವು. ನಮಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಕೂಡ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಬೆಕ್ಕಿನ ಔಷಧಿ ಪಶುವೈದ್ಯರ ಕೈಯಿಂದಲೇ ಬರಲಿ.

ಪರ್ಷಿಯನ್‌ನಂಥ ಚಪ್ಪಟೆ ಮುಖದ ಬೆಕ್ಕುಗಳಿಗೆ ಉಸಿರಾಟದ ದಾರಿ ಇಕ್ಕಟ್ಟು. ಹಲವು ವಿಮಾನ ಕಂಪೆನಿಗಳು ಇವುಗಳನ್ನು ಒಯ್ಯಲು ಮಿತಿ ಹಾಕಿವೆ. ಗಲ್ಫ್‌ನ ಬೇಸಿಗೆ ತಿಂಗಳುಗಳನ್ನು ತಪ್ಪಿಸಿ, ರಾತ್ರಿಯ ನೇರ ವಿಮಾನ ಹುಡುಕಿ.

ಇಲ್ಲಿಂದ ಹೊರಗೆ ಒಯ್ಯುವಾಗ

ಊರಿನ ಬೆಕ್ಕನ್ನು ಹೊರದೇಶಕ್ಕೆ ಒಯ್ಯುವುದು ಇನ್ನೂ ದೀರ್ಘ ಕೆಲಸ. ಭಾರತದಲ್ಲಿ ರೇಬೀಸ್ ಇರುವುದರಿಂದ ಹಲವು ದೇಶಗಳು ಲಸಿಕೆಯ ಚೀಟಿ ಸಾಲದು, ರಕ್ತ ಪರೀಕ್ಷೆಯೂ ಬೇಕು ಎನ್ನುತ್ತವೆ. ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಪ್ರತಿ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್ ಆದರೂ ಇರಬೇಕು. ಬ್ರಿಟನ್‌ಗೆ ಒಯ್ಯುವುದಾದರೆ ಲಸಿಕೆಯಾಗಿ 30 ದಿನದ ನಂತರ ರಕ್ತ ಕೊಟ್ಟು, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಜಪಾನ್ ರಕ್ತ ಪರೀಕ್ಷೆಯ ನಂತರ 180 ದಿನ ಕಾಯಿಸುತ್ತದೆ. ಯುಎಇಗೆ ಮುಂಗಡ ಆಮದು ಪರವಾನಗಿ ಬೇಕು.

ನಿಯಮ ದೊಡ್ಡವರಿಗೂ ಒಂದೇ. ಹಾಲಿವುಡ್ ನಟ ಜಾನಿ ಡೆಪ್ ಮತ್ತು ಅವರ ಪತ್ನಿಯಾಗಿದ್ದ ಆ್ಯಂಬರ್ ಹರ್ಡ್ 2015ರಲ್ಲಿ ಖಾಸಗಿ ವಿಮಾನದಲ್ಲಿ ಎರಡು ನಾಯಿಗಳನ್ನು ಘೋಷಿಸದೆ ಆಸ್ಟ್ರೇಲಿಯಾಕ್ಕೆ ಒಯ್ದಿದ್ದರು. ನಾಯಿಗಳನ್ನು ವಾಪಸ್ ಕಳುಹಿಸಿ, ಇಲ್ಲವಾದರೆ ಕೊಲ್ಲಬೇಕಾಗುತ್ತದೆ ಎಂದು ಅಲ್ಲಿನ ಸಚಿವರು ಹೇಳಿದರು. ಮರುವರ್ಷ ಹರ್ಡ್, ಪ್ರವೇಶ ದಾಖಲೆಯಲ್ಲಿ ಸುಳ್ಳು ಬರೆದದ್ದನ್ನು ಕೋರ್ಟಿನಲ್ಲಿ ಒಪ್ಪಿಕೊಂಡರು.

ಮನೆಗೆ ಬಂದ ನಂತರ

ಸರ್ಕಾರದ ತಪಾಸಣೆ ಮುಗಿದರೂ ಮನೆಯಲ್ಲಿ ಎರಡು ವಾರ ನಿಮ್ಮದೇ ಕ್ವಾರಂಟೈನ್ ಇರಲಿ. ಬೆಕ್ಕನ್ನು ಒಂದು ಕೋಣೆಯಲ್ಲಿಡಿ, ಊರಿನ ಬೆಕ್ಕುಗಳ ಜೊತೆ ಬಿಡಬೇಡಿ. ಕೂದಲು ದುಂಡಗೆ ಉದುರಿದ ಜಾಗ ಕಂಡರೆ ಅದು ಹುಳುಕಡ್ಡಿ ಇರಬಹುದು. ಅದು ಮಕ್ಕಳ ಚರ್ಮಕ್ಕೆ ಬೇಗ ಅಂಟುತ್ತದೆ, ಪಶುವೈದ್ಯರಿಗೆ ತೋರಿಸಿ.

ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲದ ತಟ್ಟೆಯನ್ನು ಅವರು ಮುಟ್ಟುವುದು ಬೇಡ. ಅದರಲ್ಲಿರಬಹುದಾದ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲದು. ಅದು ಸೋಂಕುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಬೇರೆಯವರು ತಟ್ಟೆಯನ್ನು ದಿನವೂ ಸ್ವಚ್ಛ ಮಾಡಿ ಸೋಪಿನಿಂದ ಕೈ ತೊಳೆಯಲಿ.

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸುಣ್ಣ, ಮೆಣಸಿನ ಪುಡಿ, ಅರಿಶಿನ ಹಚ್ಚುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ಲಸಿಕೆ ಆಗಿದೆ ಎಂದು ನೀವೇ ತೀರ್ಮಾನ ಮಾಡಬೇಡಿ, ವೈದ್ಯರು ನೋಡಿ ಹೇಳಲಿ.

ತರಲು ಆಗದಿದ್ದರೆ?

ಖರ್ಚು, ವಯಸ್ಸು, ಕಾಯಿಲೆ ಯಾವುದಾದರೊಂದು ಕಾರಣಕ್ಕೆ ಬೆಕ್ಕನ್ನು ತರಲು ಆಗದೇ ಇರಬಹುದು. ಅದು ತಪ್ಪಲ್ಲ. ಆಗ ನಂಬಿಕೆಯ ಮನೆಯೊಂದನ್ನು ಹುಡುಕಿ, ಲಸಿಕೆ ಪುಸ್ತಕದ ಸಮೇತ ಒಪ್ಪಿಸಿ, ಚಿಪ್ಪಿನ ದಾಖಲೆಯಲ್ಲಿ ಹೆಸರು ಬದಲಿಸಿ ಬನ್ನಿ. ಇದಕ್ಕೂ ಸಮಯ ಬೇಕು.

ಸುಳ್ಳು ಚೀಟಿಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. "ಒಂದು ದಿನಾಂಕ ತಾನೇ" ಎಂದುಕೊಳ್ಳಬೇಡಿ. ಆ ದಿನಾಂಕವನ್ನು ನಂಬಿ ವಿಮಾನದ ಸಿಬ್ಬಂದಿ ಬೋನು ಎತ್ತುತ್ತಾರೆ, ಪಕ್ಕದ ಮನೆಯ ಮಗು ಬೆಕ್ಕಿನ ಬೆನ್ನು ಸವರುತ್ತದೆ. ನಾಳೆ ಆ ಮಗುವಿಗೆ ಪರಚಿದಾಗ, ಲಸಿಕೆ ಆಗಿದೆಯೇ ಎಂದು ವೈದ್ಯರು ಕೇಳಿದರೆ ಏನು ಉತ್ತರ ಕೊಡುವಿರಿ? ಸುಳ್ಳು ಸಾಕ್ಷಿ ನುಡಿಯುವುದನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ.

ಬೀದಿಯಲ್ಲಿ ಬಿಟ್ಟುಬರುವುದೂ ಹಗುರವಾದ ವಿಷಯವಲ್ಲ. ಬೆಕ್ಕನ್ನು ಕಟ್ಟಿಹಾಕಿ ತಾನೂ ಉಣಿಸದೆ, ಅದು ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂಬ ಹದೀಸನ್ನು ನಾವು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ವರ್ಷಗಟ್ಟಲೆ ತಟ್ಟೆಯಲ್ಲಿ ಊಟ ಕಂಡ ಫ್ಲಾಟಿನ ಬೆಕ್ಕಿಗೆ ಜುಲೈ ತಿಂಗಳ ಬೀದಿಯಲ್ಲಿ ನೀರು ಹುಡುಕಲೂ ಗೊತ್ತಿರುವುದಿಲ್ಲ.

ಆದ್ದರಿಂದ ಈ ವರ್ಷ ಮರಳುವ ಯೋಚನೆ ಇರುವವರು ಇಂದೇ ಬೆಕ್ಕಿನ ಲಸಿಕೆ ಪುಸ್ತಕ ತೆರೆದು ನೋಡಿ. ಕೊನೆಯ ರೇಬೀಸ್ ಲಸಿಕೆ ಯಾವಾಗ ಆಗಿದೆ, ಚಿಪ್ ಸಂಖ್ಯೆ ಬರೆದಿದೆಯೇ ಎಂಬ ಎರಡು ವಿಷಯಗಳಿಗೆ ಉತ್ತರ ಸಿಕ್ಕರೆ ಮುಂದಿನ ದಾರಿ ತಾನೇ ಕಾಣುತ್ತದೆ. ನಮ್ಮ ಕೈಗೆ ಒಪ್ಪಿಸಲ್ಪಟ್ಟ ಪ್ರತಿಯೊಂದು ಜೀವವೂ ಅಮಾನತ್. ಅದನ್ನು ಸರಿಯಾಗಿ ನಿಭಾಯಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.