ನಗಿಸುತ್ತಲೇ ಕೆಣಕಿದ ಹಿರಿಯ

ನಗಿಸುವ ಅಜ್ಜನೊಬ್ಬ ಮನೆಯಲ್ಲಿದ್ದರೆ ಮಕ್ಕಳು ಅವನ ಸುತ್ತಲೇ ಸುಳಿದಾಡುತ್ತವೆ. ಕನ್ನಡ ಸಾಹಿತ್ಯದ ಮನೆಗೆ ಅಂಥ ಹಿರಿಯರಾಗಿದ್ದವರು ‘ಚಂಪಾ’, ಅಂದರೆ ಪ್ರೊ. ಚಂದ್ರಶೇಖರ ಪಾಟೀಲ. 1939ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಲ್ಲಿ ಹುಟ್ಟಿದ ಅವರು 2022ರ ಜನವರಿ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಕಲಿಸಿದ್ದು ಇಂಗ್ಲಿಷ್, ಹೋರಾಡಿದ್ದು ಕನ್ನಡಕ್ಕಾಗಿ. 1964ರಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರೊಡನೆ ‘ಸಂಕ್ರಮಣ’ ಪತ್ರಿಕೆ ಆರಂಭಿಸಿದರು. ಅವರ ಚೇಷ್ಟೆಯ ಲೇಖನಿ ಗೆಳೆಯರನ್ನೂ ಬಿಡಲಿಲ್ಲ. ‘ಟಿಂಗರ ಬುಡ್ಡಣ್ಣ’, ‘ಗೋಕರ್ಣದ ಗೌಡಶಾನಿ’ ಎಂಬ ನಾಟಕಗಳ ಹೆಸರಿನಲ್ಲೇ ತುಂಟತನ ಇಣುಕುತ್ತದೆ.

ಆದರೆ ಅದು ಬರೀ ಹೊತ್ತು ಕಳೆಯುವ ನಗೆಯಾಗಿರಲಿಲ್ಲ. ತುರ್ತುಪರಿಸ್ಥಿತಿಯ ಕಾಲಕ್ಕೆ ಚಂಪಾ ಸೆರೆಮನೆ ಕಂಡರು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದರು. 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದಾಗ ತಮಗೆ ಸಂದಿದ್ದ ಪಂಪ ಪ್ರಶಸ್ತಿಯನ್ನೇ ಸರ್ಕಾರಕ್ಕೆ ಹಿಂದಿರುಗಿಸಿದರು.

ಎದುರು ಮಾತಾಡುವ, ಅಣಕಿಸುವ ಮಗುವನ್ನು ಗದರುವ ಮುನ್ನ ಪಾಲಕರು ಚಂಪಾ ಅವರನ್ನೊಮ್ಮೆ ನೆನೆಯಲಿ. ವಿದ್ಯಾರ್ಥಿಗಳೂ ಒಂದು ಮಾತು ತಿಳಿಯಲಿ: ಗೇಲಿ ಮಾಡುವುದು ಸುಲಭ, ಆಡಿದ ಮಾತಿಗೆ ಬೆಲೆ ತೆತ್ತು ನಿಲ್ಲುವುದು ಕಷ್ಟ. ಚಂಪಾ ಎರಡನ್ನೂ ಮಾಡಿದರು. ಅವರಿಲ್ಲದ ಮನೆ ಈಗ ಕೊಂಚ ಹೆಚ್ಚೇ ಗಂಭೀರವಾಗಿದೆ.