ತಾಳೆಯೂ ವಿಚಾರಣೆಯೂ

ಗುಂಡ್ಲುಪೇಟೆಯ ಮಂಡಿಯೊಂದರ ಗುಮಾಸ್ತನು ವರ್ಷಾಂತ್ಯದಲ್ಲಿ ‘ಟ್ರಯಲ್’ ತೆಗೆಯುತ್ತಾನೆ. ಅದೇ ಊರಿನ ನ್ಯಾಯಾಲಯದ ಜಗಲಿಯಲ್ಲಿ ನಿಂತ ಕಕ್ಷಿಗಾರನು ತನ್ನ ಮೊಕದ್ದಮೆಯ ‘ಟ್ರಯಲ್’ ಎಂದಿಗೆ ಆರಂಭವೆಂದು ವಕೀಲರನ್ನು ಕೇಳುತ್ತಾನೆ. ಪದವೊಂದೇ, ಅರ್ಥ ಬೇರೆ. ಕನ್ನಡವು ಮೊದಲನೆಯದನ್ನು ತಾಳೆಪಟ್ಟಿಯೆಂದೂ ಎರಡನೆಯದನ್ನು ವಿಚಾರಣೆಯೆಂದೂ ಕರೆದು ಇವನ್ನು ಬೇರ್ಪಡಿಸಿದೆ. ಆದರೂ ಒಂದರ ಫಲವನ್ನು ಮತ್ತೊಂದರ ಮೇಲೆ ಹೇರುವ ಪ್ರಮಾದವು ಸಂಘಸಂಸ್ಥೆಗಳಲ್ಲಿ ಅಪರೂಪವೇನಲ್ಲ. ಲೆಕ್ಕ ತಾಳೆಯಾಗದಿದ್ದರೆ ಬರೆದವನು ಕಳ್ಳ, ತಾಳೆಯಾದರೆ ಸಾಧು ಎಂಬ ತೀರ್ಮಾನ ಕ್ಷಣಮಾತ್ರದಲ್ಲಿ ಆಗಿಹೋಗುತ್ತದೆ.

ತಾಳೆಪಟ್ಟಿಯ ಸ್ವರೂಪವನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡಬಹುದು. ಶ್ರಾವಣದ ಶನಿವಾರಗಳಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟ ಯಾತ್ರಿಕರಿಗೆ ಹಂಗಳದ ಬಳಿ ಅನ್ನದಾನ ನಡೆಸುವ ಒಂದು ಸಂಘವಿದೆಯೆಂದು ಭಾವಿಸೋಣ. ದ್ವಿನಮೂದು ಪದ್ಧತಿಯಲ್ಲಿ ಪ್ರತಿಯೊಂದು ವ್ಯವಹಾರವೂ ಎರಡು ಕಡೆ ಏರಬೇಕು, ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮಾ. ಎಲ್ಲ ಖಾತೆಗಳ ಶಿಲ್ಕುಗಳನ್ನು ಒಂದೆಡೆ ಬರೆದು ಎರಡು ಮೊತ್ತಗಳೂ ಸಮವಾಗಿವೆಯೇ ಎಂದು ನೋಡುವುದೇ ತಾಳೆ. ಈ ಪದ್ಧತಿಯನ್ನು ವಿವರಿಸಿ 1494ರಲ್ಲಿ ವೆನಿಸ್ ನಗರದಲ್ಲಿ ಗ್ರಂಥವನ್ನು ಮುದ್ರಿಸಿದ ಲೂಕಾ ಪಾಚೋಲಿಯು ವರ್ತಕನಲ್ಲ, ಕ್ರೈಸ್ತ ಸಂನ್ಯಾಸಿ. ಲೆಕ್ಕವು ವಿರಕ್ತರಿಗೆ ಸಲ್ಲದೆಂಬವರು ಇದನ್ನು ನೆನೆಯಬಹುದು.

ಈಗ ದಾನಿಯೊಬ್ಬರು 540 ರೂಪಾಯಿ ಕೊಟ್ಟರು. ಪ್ರಾಮಾಣಿಕನಾದ ಗುಮಾಸ್ತನು ನಗದು ಖಾತೆಯಲ್ಲಿ 540 ಎಂದು ಬರೆದು, ಅನ್ನದಾನದ ಖಾತೆಯಲ್ಲಿ ಕೈತಪ್ಪಿ 450 ಎಂದು ಬರೆದನು. ತಾಳೆಯಲ್ಲಿ 90 ರೂಪಾಯಿ ವ್ಯತ್ಯಾಸ ಬಂದಿತು. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕೆಗಳು ಸ್ಥಾನಪಲ್ಲಟವಾಗಿರಬಹುದೆಂದು ಅನುಭವಿಗಳು ಊಹಿಸುತ್ತಾರೆ. ಇನ್ನೊಬ್ಬ ಗುಮಾಸ್ತನಿದ್ದಾನೆ. ಅವನು 540 ರೂಪಾಯಿಯನ್ನು ಎಲ್ಲಿಯೂ ಬರೆಯದೆ ಜೇಬಿಗಿಳಿಸಿದನು. ಅವನ ಪಟ್ಟಿ ಚೆನ್ನಾಗಿ ತಾಳೆಯಾಗುತ್ತದೆ. ಅನ್ನಕ್ಕೆಂದು ಕೊಟ್ಟ ಹಣವನ್ನು ದೀಪದ ಎಣ್ಣೆಯ ಖಾತೆಗೆ ಜಮಾ ಮಾಡಿದರೂ ತಾಳೆಗೆ ಭಂಗವಿಲ್ಲ, ಭಂಗ ಬರುವುದು ದಾನಿಯ ಸಂಕಲ್ಪಕ್ಕೆ. ತಾಳೆಪಟ್ಟಿಯು ಅಂಕೆಗಳ ಸಮತೆಯನ್ನು ಮಾತ್ರ ಬಲ್ಲುದು. ಬರೆಯದೆ ಬಿಟ್ಟುದನ್ನಾಗಲಿ ಬರೆದವನ ಮನಸ್ಸನ್ನಾಗಲಿ ಅದು ಅರಿಯದು.

ವಿಚಾರಣೆಗೆ ಬೇಕಾದುದು ಇವೆರಡೇ. ‘ವಿಚಾರಿಸು’ ಎಂಬ ಮಾತು ಯೋಗಕ್ಷೇಮವನ್ನು ಕೇಳುವುದಕ್ಕೂ ಸಲ್ಲುತ್ತದೆ, ತಪ್ಪನ್ನು ಕೇಳುವುದಕ್ಕೂ ಸಲ್ಲುತ್ತದೆ. ಎರಡರಲ್ಲಿಯೂ ಎದುರಿಗಿರುವವನು ಬಾಯಿ ತೆರೆಯಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣವನ್ನೊದಗಿಸುವ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ. ಉತ್ತರವೆಂಬ ಪಾದವು ಲೋಪವಾದರೆ ವ್ಯವಹಾರವು ಕುಂಟುತ್ತದೆ. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಪ್ರಮಾಣಗಳಾವುವೂ ದೊರೆಯದಿದ್ದಲ್ಲಿ ಮಾತ್ರ ದಿವ್ಯವನ್ನು ವಿಧಿಸಿದೆ. ದಿವ್ಯಗಳಲ್ಲಿ ತುಲಾದಿವ್ಯವೂ ಒಂದು. ಆಪಾದಿತನನ್ನು ತಕ್ಕಡಿಯಲ್ಲಿ ತೂಗಿ ಇಳಿಸಿ, ಅಭಿಮಂತ್ರಣದ ಬಳಿಕ ಮತ್ತೆ ತೂಗುತ್ತಿದ್ದರು. ಮೇಲೇರಿದರೆ ಶುದ್ಧ, ಕೆಳಗಿಳಿದರೆ ದೋಷಿ. ಲೆಕ್ಕದವನು ಬಯಸುವ ಸಮತೂಕವು ಅಲ್ಲಿ ಬಿಡುಗಡೆಯ ಗುರುತಾಗಿರಲಿಲ್ಲವೆಂಬುದು ಸ್ವಾರಸ್ಯ.

ಈ ಎರಡು ಪರೀಕ್ಷೆಗಳೂ ಒಂದೆಡೆ ಕೂಡಿದ ಪ್ರಸಂಗವು ಶರಣಪರಂಪರೆಗೆ ಸುಪರಿಚಿತವಾದುದೇ. ಭಂಡಾರದ ಧನವನ್ನು ಬಸವಣ್ಣನವರು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದರೆಂದೂ, ಎಣಿಸಿ ನೋಡಲಾಗಿ ಹೊನ್ನು ಕುಂದಿರಲಿಲ್ಲವೆಂದೂ ಪುರಾಣಕಾರರು ವರ್ಣಿಸುತ್ತಾರೆ. ಕಥೆಯಲ್ಲಿನ ಪವಾಡವನ್ನು ಭಕ್ತರು ಭಕ್ತಿಯಿಂದ ಕೇಳಲಿ. ಇಲ್ಲಿ ಗಮನಿಸತಕ್ಕ ಅಂಶ ಬೇರೆ. ದೂರು ಇದ್ದುದು ನಡತೆಯ ಮೇಲೆ, ಎಣಿಕೆ ನಡೆದುದು ನಾಣ್ಯದ ಮೇಲೆ. ಹೊನ್ನು ಭರ್ತಿಯಾಗಿದ್ದುದರಿಂದ ಕೊಂಡೆಯರ ಬಾಯಿ ಮುಚ್ಚಿತು. ಒಂದು ವೇಳೆ ಕುಂದಿದ್ದರೆ, ಏಕೆ ಕುಂದಿತು, ಯಾರಿಂದ ಕುಂದಿತು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತಿದ್ದವು. ಅವಕ್ಕೆ ಉತ್ತರ ಕೊಡುವ ಶಕ್ತಿ ಎಣಿಕೆಗಿಲ್ಲ.

ಈ ಭೇದವನ್ನು ಶಾಸನವೂ ಒಪ್ಪಿದೆ. ವ್ಯವಹಾರಕ್ರಮದಲ್ಲಿ ನಿಯತವಾಗಿ ಬರೆದಿಟ್ಟ ಲೆಕ್ಕದ ಪುಸ್ತಕದ ನಮೂದುಗಳು ಸಾಕ್ಷ್ಯದಲ್ಲಿ ಸಂಗತವೆಂದೂ, ಆದರೆ ಅವುಗಳಷ್ಟರಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸಲು ಸಾಲದೆಂದೂ 1872ರ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣವು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಪ್ರಕರಣವು ಅದೇ ನಿಯಮವನ್ನು ಮುಂದುವರಿಸಿದೆ. ಹವಾಲಾ ದಿನಚರಿಗಳ ಮೊಕದ್ದಮೆಯಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಡಿಹಾಳೆಗಳು ಲೆಕ್ಕದ ಪುಸ್ತಕವೇ ಅಲ್ಲವೆಂದಿತು. ಪುಸ್ತಕವೆನಿಸಿದ ದಾಖಲೆಗೂ ಸ್ವತಂತ್ರವಾದ ಬೇರೆ ಸಾಕ್ಷ್ಯದ ಬೆಂಬಲ ಬೇಕೆಂದು ವಿವರಿಸಿತು.

ಹಂಗಳದ ಆ ಕಲ್ಪಿತ ಸಂಘದ ಹಿರಿಯರು 90 ರೂಪಾಯಿಯ ವ್ಯತ್ಯಾಸವನ್ನು ಕಂಡಾಗ ಮೊದಲು ತೆಗೆಯಬೇಕಾದುದು ರಸೀತಿ ಪುಸ್ತಕದ ಅಡಿಪ್ರತಿಗಳನ್ನು. ಅವನ್ನು ರೋಜುಕೀರ್ದಿಯೊಡನೆ, ರೋಜುಕೀರ್ದಿಯನ್ನು ಖಾತೆಗಳೊಡನೆ ಸಾಲುಸಾಲಾಗಿ ಹೋಲಿಸಬೇಕು. ತಾಳೆಯಾದ ವರ್ಷದಲ್ಲಿಯೂ ದಾನಿಗಳ ಕೈಯಲ್ಲಿರುವ ಕೆಲವು ರಸೀತಿಗಳನ್ನು ತರಿಸಿ ಅಡಿಪ್ರತಿಗಳೊಡನೆ ಇಟ್ಟು ನೋಡಬೇಕು. ಅನಂತರವೂ ಸಂಶಯ ಉಳಿದರೆ ಗುಮಾಸ್ತನಿಗೆ ಆಪಾದನೆಯನ್ನು ಬರಹದಲ್ಲಿ ಕೊಟ್ಟು, ಅವನ ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು.