ದಂತವೈದ್ಯ ಶಿಕ್ಷಣದಲ್ಲಿ ಪರಿಸರದ ಪಾಠ

ಹುಳುಕು ಹಲ್ಲಿಗೆ ಬೆಳ್ಳಿಬಣ್ಣದ ಫಿಲ್ಲಿಂಗ್ ಹಾಕಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಬೆಳ್ಳಿಯೆಂದೇ ನಾವು ಕರೆಯುತ್ತೇವೆ. ಆದರೆ ಅಮಾಲ್ಗಮ್ ಎಂಬ ಆ ಮಿಶ್ರಲೋಹದ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ. ಉಳಿದುದು ಮುಖ್ಯವಾಗಿ ಬೆಳ್ಳಿ, ತವರ ಮತ್ತು ತಾಮ್ರ. ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಅದು ಅಸಂಖ್ಯ ಹಲ್ಲುಗಳನ್ನು ಉಳಿಸಿದೆ. ಬಾಯಲ್ಲಿ ಭದ್ರವಾಗಿ ಕುಳಿತ ಫಿಲ್ಲಿಂಗಿನ ಬಗ್ಗೆ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅದನ್ನು ಕೊರೆದು ತೆಗೆಯುವಾಗ ಉದುರುವ ಚೂರುಗಳು ಎಲ್ಲಿಗೆ ಹೋಗುತ್ತವೆ?

ಚರಂಡಿಗೆ ಸೇರಿದ ಪಾದರಸ ಕೆರೆ, ಹೊಳೆಗಳನ್ನು ತಲುಪಬಲ್ಲದು. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಇನ್ನೂ ಉಗ್ರವಾದ ವಿಷವಾಗಿ ಮಾರ್ಪಡಿಸುತ್ತವೆ. ಅದು ಜಲಚರಗಳ ದೇಹದಲ್ಲಿ ಸಂಗ್ರಹಗೊಂಡು ಆಹಾರದ ಮೂಲಕ ಮನುಷ್ಯನಿಗೇ ಮರಳುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಇಂಥ ಪಾದರಸದಿಂದ ಸಾವಿರಾರು ಜನ ನರರೋಗಕ್ಕೆ ತುತ್ತಾದರು. ಆ ಊರಿನ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಿ ಅಂಗೀಕಾರಗೊಂಡು 2017ರಲ್ಲಿ ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಹದಿನೈದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರಿಗೆ, ವೈದ್ಯರು ಅಗತ್ಯವೆಂದು ಕಂಡ ಸಂದರ್ಭದ ಹೊರತು, ಅಮಾಲ್ಗಮ್ ಬಳಸಬಾರದೆಂದು ಸದಸ್ಯ ರಾಷ್ಟ್ರಗಳು 2022ರಲ್ಲಿ ನಿರ್ಧರಿಸಿದವು.

ಒಪ್ಪಂದಗಳು ಕಾಗದದ ಮೇಲಿರುತ್ತವೆ. ಅವುಗಳನ್ನು ನಡೆಸುವವು ವೈದ್ಯರ ಕೈಗಳು. ಆ ಕೈಗಳು ಪಳಗುವುದು ದಂತವೈದ್ಯ ಕಾಲೇಜಿನಲ್ಲಿ. ಆದಕಾರಣ ಪರಿಸರದ ಪಾಠವು ಅಲ್ಲಿಯೇ, ರೋಗಿಯ ಕುರ್ಚಿಯ ಪಕ್ಕದಲ್ಲಿಯೇ ನಡೆಯಬೇಕು. ಅಮಾಲ್ಗಮ್ ಚೂರುಗಳನ್ನು ಸೋಸಿ ಹಿಡಿದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಇಡಬೇಕೆಂಬುದನ್ನು ವಿದ್ಯಾರ್ಥಿಯು ಮಾಡಿಯೇ ಕಲಿಯಬೇಕು. ಸುಡಲು ಹೋಗುವ ಹಳದಿ ಚೀಲಕ್ಕೆ ಅವನ್ನು ಹಾಕಿದರೆ ಪಾದರಸವು ಆವಿಯಾಗಿ ಗಾಳಿಯನ್ನು ಸೇರುತ್ತದೆ. ಹಳೆಯ ಬಗೆಯ ಎಕ್ಸ್-ರೇ ಫಿಲ್ಮಿನ ಪೊಟ್ಟಣದಲ್ಲಿ ಸೀಸದ ತೆಳುಹಾಳೆಯಿದೆ, ಅದನ್ನು ತೊಳೆದ ದ್ರಾವಣದಲ್ಲಿ ಬೆಳ್ಳಿ ಉಳಿದಿರುತ್ತದೆ. ಇವೂ ಕಸದ ಬುಟ್ಟಿಗೆ ಅಥವಾ ಚರಂಡಿಗೆ ಸಲ್ಲತಕ್ಕವಲ್ಲ.

ಆದರೆ ಕಸವನ್ನು ವಿಂಗಡಿಸಿದ ಮಾತ್ರಕ್ಕೆ ಪಾಠ ಮುಗಿಯುವುದಿಲ್ಲ. ಇಂಗ್ಲೆಂಡಿನ ಸರ್ಕಾರಿ ದಂತಸೇವೆಯಿಂದ ಹೊಮ್ಮುವ ಇಂಗಾಲದ ಲೆಕ್ಕ ಹಾಕಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ಮತ್ತು ಸಿಬ್ಬಂದಿಯ ಓಡಾಟದ್ದೇ ಆಗಿತ್ತು. ಎರಡು ಭೇಟಿಯ ಕೆಲಸವನ್ನು ಒಂದರಲ್ಲಿ ಮುಗಿಸುವ ವೈದ್ಯನು ಹಳ್ಳಿಯ ರೋಗಿಯ ಬಸ್ಸಿನ ಖರ್ಚು ಹಾಗೂ ದಿನಗೂಲಿಯನ್ನು ಉಳಿಸುವುದರ ಜೊತೆಗೆ ಗಾಳಿಯನ್ನೂ ಕಾಪಾಡುತ್ತಾನೆ. ಎಲ್ಲಕ್ಕಿಂತ ಮಿಗಿಲಾದುದು ರೋಗ ತಡೆಗಟ್ಟುವಿಕೆ. ಹುಳುಕೇ ಆಗದ ಹಲ್ಲಿಗೆ ಲೋಹವೂ ಬೇಡ, ಪ್ಲಾಸ್ಟಿಕ್ಕೂ ಬೇಡ, ಪ್ರಯಾಣವೂ ಬೇಡ.

ಈ ಪಾಠದಲ್ಲಿ ನಮಗೂ ಪಾಲುಂಟು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜೋಣ. ಉಜ್ಜುವಾಗ ನಲ್ಲಿ ನಿಲ್ಲಿಸೋಣ. ಊಟಗಳ ನಡುವೆ ಮಕ್ಕಳ ಕೈಗೆ ಸಿಹಿ ಕೊಡುವುದನ್ನು ಕಡಿಮೆ ಮಾಡೋಣ, ತಂಬಾಕನ್ನು ದೂರವಿಡೋಣ. ಮನೆಮಂದಿಯೆಲ್ಲ ಒಂದೇ ದಿನ ತಪಾಸಣೆಗೆ ಹೋಗೋಣ. ಗಟ್ಟಿಯಾಗಿರುವ ಹಳೆಯ ಫಿಲ್ಲಿಂಗನ್ನು ಕೇವಲ ಭಯದಿಂದ ತೆಗೆಸದಿರೋಣ. ಭಕ್ತರ ಮನೆಗಳಲ್ಲಿ ದಂತವೈದ್ಯ ವಿದ್ಯಾರ್ಥಿಗಳಿದ್ದರೆ, ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯನ್ನು ತಮ್ಮ ತರಗತಿಯಲ್ಲಿ ಅವರು ವಿನಯದಿಂದ ಕೇಳಲಿ ಎಂದು ನಾವು ಆಶಿಸುತ್ತೇವೆ.